ಗತ್ತು ಯಾರದು, ಬೀದಿ ಯಾರದು: ಅಂಬಾಸಿಡರ್ ಮತ್ತು ಮಾರುತಿ 800

ಸ್ವಲ್ಪ ಉದ್ದ ಆಗುತ್ತೆ. ಭಾನುವಾರ ಅಲ್ವಾ, ಓದಿ.

ಒಂದು ವಾರದಿಂದ ಒಂದು ಫೋಟೋ ಎಲ್ಲಾ ಗ್ರೂಪಲ್ಲೂ ಸುತ್ತುತ್ತಾ ಇದೆ. ಒಂದು ಕಡೆ ಬಿಳೀ ಅಂಬಾಸಿಡರ್, ಇನ್ನೊಂದು ಕಡೆ ಕೆಂಪು ಮಾರುತಿ 800. ಮೇಲೆ 'ನಿಮ್ಮ ಓಟು ಯಾವುದಕ್ಕೆ?' ಅಂತ ಬರೆದಿದೆ. ಕೆಳಗೆ ಬಂದಿರೋ ಮಾತುಗಳನ್ನ ಒಂದೊಂದಾಗಿ ಓದಿದೆ. 'ಅಂಬಾಸಿಡರ್ ಅಂದ್ರೆ ಗತ್ತು.' 'ಅದರಿಂದ ಒಬ್ಬ ಇಳಿದ್ರೆ ಊರೇ ಎದ್ದು ನಿಲ್ತಿತ್ತು.' 'ಮಾರುತಿ ಕಾರಲ್ಲ, ಬೆಂಕಿಪೊಟ್ಟಣ.' ಅಲ್ಲಿಗೆ ಸುಮ್ಮನಿರ್ತಿದ್ದೆ. ಆದ್ರೆ ಒಬ್ಬರು ಹಾಕಿದ್ರು ನೋಡಿ: 'ಮಾರುತಿ ಬಂದಮೇಲೆ ಕಂಡಕಂಡವರೆಲ್ಲ ಕಾರಲ್ಲಿ ಓಡಾಡೋ ಹಾಗಾಯ್ತು, ಕಾರಿಗಿದ್ದ ಮರ್ಯಾದೆಯೇ ಹೋಯ್ತು.' ಹಾಕಿದವರು ಅಪರಿಚಿತರಲ್ಲ. ನಮ್ಮ ವೇದಿಕೆ ಹತ್ತಿ ಬಸವಣ್ಣನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಶಾಲು ಹೊದಿಸ್ಕೊಂಡು ಹೋದವರು.

ಕಂಡಕಂಡವರು ಅಂದ್ರೆ ಯಾರು ಸಾರ್?

ಕಾರಿನ ವಿಷಯ ಮೊದಲು ಹೇಳಿಬಿಡ್ತೀನಿ, ಇಲ್ಲಾಂದ್ರೆ 'ಇವನಿಗೆ ಕಾರು ಗೊತ್ತಿಲ್ಲ, ಜಾತಿ ಮಾತ್ರ ಗೊತ್ತು' ಅಂತೀರ. ನೀವು ಸ್ವದೇಶಿ ಅಂತ ಎದೆ ತಟ್ಟಿಕೊಳ್ಳೋ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿ. ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟರ್ಸ್ ಕಂಪನಿ ಅದನ್ನ ಕೋಲ್ಕತ್ತಾ ಪಕ್ಕದ ಉತ್ತರಪಾರಾದಲ್ಲಿ 1957-58ರ ಹೊತ್ತಿಗೆ ತಯಾರು ಮಾಡೋಕೆ ಶುರು ಮಾಡ್ತು. ಬಾಬಾಸಾಹೇಬರು ತೀರಿಕೊಂಡಿದ್ದು 1956ರ ಡಿಸೆಂಬರ್ 6. ಅವರು ಹೋದ ಬೆನ್ನಿಗೇ ಬಂದ ಕಾರು ಇದು. ಇಂಗ್ಲೆಂಡಿನವರು ಆ ಮಾದರಿಯನ್ನ ಕೆಲವೇ ವರ್ಷಕ್ಕೆ ಕೈಬಿಟ್ಟರು, ನಾವು 2014ರ ಮೇ ತನಕ ಬಿಡಲಿಲ್ಲ. ಒಳಗಿನದ್ದು ಹಾಗೇ ಇಟ್ಟು, ಮುಂದಿನ ಜಾಲರಿ ಬದಲಾಯಿಸಿ ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಅಂತ ಹೆಸರಿಡೋದು ನಮ್ಮ ದೇಶಕ್ಕೆ ಹೊಸದೇನಲ್ಲ ಬಿಡಿ.

ಮಾರುತಿ 800 ಬಂದಿದ್ದು 1983ರ ಡಿಸೆಂಬರ್ 14ಕ್ಕೆ. ಲಾಟರಿಯಲ್ಲಿ ಹೆಸರು ಬಂದ ದೆಹಲಿಯ ಒಬ್ಬರಿಗೆ ಇಂದಿರಾ ಗಾಂಧಿ ಕೈಯಾರೆ ಕೀ ಕೊಟ್ಟರು. 796 ಸಿಸಿ, ಮೂರು ಸಿಲಿಂಡರ್. ಅಂಬಾಸಿಡರ್‌ದು 1489 ಸಿಸಿ, ತೊಂಬತ್ತರ ದಶಕದಲ್ಲಿ ಇಸುಜು ಎಂಜಿನ್ ಬರೋ ತನಕ. ಇದರದ್ದು 12 ಇಂಚಿನ ಚಕ್ರ, ಅದರದ್ದು 15. ಅದು ಒಂದು ಟನ್ನಿಗೂ ಮೇಲೆ ತೂಗೋದು, ಇದನ್ನ ನಾಲ್ಕು ಜನ ಸೇರಿ ಚರಂಡಿಯಿಂದ ಎತ್ತಿ ಇಟ್ಟುಬಿಡಬಹುದು, ನಾವು ಎತ್ತಿ ಇಟ್ಟಿದೀವಿ. ಎರಡೂ ನಿಂತಿದ್ದು ಒಂದೇ ವರ್ಷ, 2014ರಲ್ಲಿ. ಜನವರಿಯಲ್ಲಿ ಮಾರುತಿ 800, ಮೇನಲ್ಲಿ ಅಂಬಾಸಿಡರ್. ಅಂಬಾಸಿಡರ್‌ಗೆ ಮಾತ್ರ ಶೋಕಾಚರಣೆ ಜೋರಾಗಿ ನಡೀತು. 2017ರಲ್ಲಿ ಆ ಹೆಸರನ್ನ 80 ಕೋಟಿಗೆ ಫ್ರಾನ್ಸಿನ ಪೂಜೊ ಕಂಪನಿಗೆ ಮಾರಿದಾಗ ಇನ್ನೊಂದು ಸುತ್ತು ಕಣ್ಣೀರು.

ನನ್ನ ದೊಡ್ಡಪ್ಪ ಅಂಬಾಸಿಡರ್ ಡ್ರೈವರ್. ಜಿಲ್ಲಾ ಮಟ್ಟದ ಒಂದು ಸರ್ಕಾರಿ ಕಚೇರಿ, ಯಾವುದು ಅಂತ ಬೇಡ. ಮೊದಲು ದಿನಗೂಲಿ, ಹನ್ನೊಂದು ವರ್ಷ ಆದಮೇಲೆ ಖಾಯಂ. ಅವರಿಗೆ ಆ ಕಾರು ಅಂದ್ರೆ ಪ್ರಾಣ. ಬೆಳಿಗ್ಗೆ ಆರಕ್ಕೇ ಸಾಹೇಬರ ಬಂಗಲೆ ಹತ್ರ ಹೋಗಿ ತೊಳೆಯೋರು. ಹಿಂದಿನ ಸೀಟಿಗೆ ಬಿಳೀ ಟವೆಲ್ ಹಾಸೋರು, ಅದನ್ನ ಮನೆಗೆ ತಂದು ದೊಡ್ಡಮ್ಮನ ಕೈಲಿ ನೀಲಿ ಹಾಕಿಸಿ ಒಗೆಸೋರು. ಸ್ಟೇರಿಂಗ್ ಪಕ್ಕದ ಗೇರು ಸಿಕ್ಕಾಕ್ಕೊಂಡ್ರೆ ಬಾನೆಟ್ ಎತ್ತಿ, ಒಂದು ತಂತಿ, ಒಂದು ಕಟಿಂಗ್ ಪ್ಲೇಯರ್, ಅಷ್ಟರಲ್ಲೇ ಬಿಡಿಸೋರು. 'ಇದು ಎಲ್ಲಿ ಕೆಟ್ರೂ ಅಲ್ಲೇ ಸರಿಹೋಯ್ತದೆ ಕಣ್ಲಾ ಮಗ, ಕಬ್ಬಿಣ ಕೆಲಸದೋನು ಒಬ್ಬ ಸಿಕ್ರೆ ಸಾಕು' ಅನ್ನೋರು. ಅದು ನಿಜ. ಅಂಬಾಸಿಡರ್‌ಗಿದ್ದ ಒಳ್ಳೇ ಗುಣ ಅದು, ಅದನ್ನ ಐವತ್ತು ವರ್ಷ ಓಡಿಸಿದ್ದು ಗ್ಯಾರೇಜಲ್ಲಿ ಕೈ ಕಪ್ಪು ಮಾಡ್ಕೊಂಡ ನಮ್ಮೋರು, ಸಾಬರು, ಆಚಾರಿಗಳು. ಗತ್ತಿನ ಬಗ್ಗೆ ಬರೆದ ಒಬ್ಬರೂ ಈ ಕೈಗಳ ಬಗ್ಗೆ ಒಂದು ಸಾಲು ಬರೆದಿಲ್ಲ.

ದೊಡ್ಡಪ್ಪ ಆ ಕಾರಿನ ಎಲ್ಲಾ ಭಾಗ ಮುಟ್ಟಿದ್ರು. ಹಿಂದಿನ ಸೀಟಲ್ಲಿ ಒಂದು ದಿನ ಕೂತಿರಲಿಲ್ಲ. ಬಂಗಲೆಯಲ್ಲಿ ಅವರಿಗೆ ಕಾಫಿ ಕೊಡ್ತಿದ್ದಿದ್ದು ಬೇರೆ ಲೋಟದಲ್ಲಿ, ಅದು ಕಾಂಪೌಂಡಿನ ಸಂದಿಯಲ್ಲಿ ಬೋರಲು ಹಾಕಿರೋದು, ಕುಡಿದು ತೊಳೆದು ಅಲ್ಲೇ ಬೋರಲು ಹಾಕಬೇಕು. ಒಂದು ಸಲ ನಾನು, ಆಗ ಆರನೇ ಕ್ಲಾಸು, ತೊಳೀತಿದ್ದಾಗ ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಕೂತುಬಿಟ್ಟೆ. ಸ್ಪ್ರಿಂಗು ಸೀಟು, ಸೋಫಾ ಥರ. ದೊಡ್ಡಪ್ಪ ನನ್ನ ಹೊಡೆದಿದ್ದು ಅದೊಂದೇ ಸಲ. ಹೊಡೆದು, ಟವೆಲ್ ಬದಲಾಯಿಸಿದ್ರು. ಆ ಟವೆಲ್ ಬದಲಾಯಿಸಿದ್ದು ನನಗೆ ಹೊಡೆತಕ್ಕಿಂತ ಜಾಸ್ತಿ ದಿನ ನೆನಪಲ್ಲಿ ಉಳೀತು. ಹಾಗಾಗಿ 'ಅಂಬಾಸಿಡರ್ ಹಿಂದಿನ ಸೀಟಲ್ಲಿ ಕೂತ್ರೆ ಮಹಾರಾಜನ ಥರ' ಅಂತ ಬರೆದಿದೀರಲ್ಲ, ನಿಮಗೆ ಅದು ನೆನಪು. ನನಗೂ ನೆನಪೇ.

ಗಾಡಿ ಮತ್ತು ಜಾತಿ ನಾನು ಹೊಸದಾಗಿ ಕಟ್ಟಿದ ಗಂಟಲ್ಲ. 1929ರಲ್ಲಿ ಬಾಬಾಸಾಹೇಬರು ಚಾಳೀಸ್‌ಗಾಂವ್‌ಗೆ ಹೋಗಿದ್ರು. ಬ್ಯಾರಿಸ್ಟರ್, ಮುಂಬೈ ಸರ್ಕಾರ ನೇಮಿಸಿದ್ದ ಸಮಿತಿಯ ಸದಸ್ಯರು. ಸ್ಟೇಷನ್ನಿನಿಂದ ಕೇರಿಗೆ ಅವರನ್ನ ಕೂರಿಸ್ಕೊಂಡು ಹೋಗೋಕೆ ಒಬ್ಬ ಟಾಂಗಾದವನೂ ಒಪ್ಪಲಿಲ್ಲ. ಕೊನೆಗೆ ಟಾಂಗಾ ಬಾಡಿಗೆಗೆ ಕೊಡ್ತೀವಿ, ನಾವು ಹೊಡೆಯಲ್ಲ ಅಂದ್ರು. ಕೇರಿಯವರು ಪಾಪ, ತಮ್ಮಲ್ಲೇ ಒಬ್ಬನನ್ನ ಹೊಡೆಯೋಕೆ ಕೂರಿಸಿದ್ರು, ಅವನಿಗೆ ಅಭ್ಯಾಸವೇ ಇಲ್ಲ. ಮೋರಿ ಹತ್ರ ಗಾಡಿ ತಪ್ಪಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಇದನ್ನ ಅವರೇ ಬರೆದಿಟ್ಟಿದಾರೆ. ನಮ್ಮ ದೊಡ್ಡಪ್ಪನ ಕಾಲಕ್ಕೆ ಅದು ತಿರುಗಿತು ಅಷ್ಟೆ. ಅಸ್ಪೃಶ್ಯ ಹೊಡೀಬಹುದು, ಕೂರೋ ಹಾಗಿಲ್ಲ.

ಈಗ ಬೆಂಕಿಪೊಟ್ಟಣಕ್ಕೆ ಬರ್ತೀನಿ.

2006ರಲ್ಲಿ ನಾನು ಎಸ್‌ಡಿಎ ಆಗಿ ಐದು ವರ್ಷ ಆಗಿತ್ತು. ಸೊಸೈಟಿ ಸಾಲ ಮೂವತ್ತು ಸಾವಿರ, ಮನೆಯವಳ ಓಲೆ ಅಡ ಇಟ್ಟು ಹನ್ನೆರಡು ಸಾವಿರ, ಹದಿಮೂರು ವರ್ಷ ಹಳೇ ಮಾರುತಿ 800 ತಗೊಂಡೆ. ನಾಲ್ಕನೇ ಕೈ. ಎಡಗಡೆ ಕಿಟಕಿ ಇಳಿಸಿದ್ರೆ ಏರೋದಿಲ್ಲ. ರೇಡಿಯೇಟರಿಗೆ ಎರಡು ಬಾಟಲು ನೀರು ಯಾವಾಗಲೂ ಡಿಕ್ಕಿಯಲ್ಲಿ ಇರಬೇಕು. ಆದ್ರೆ ಅಂಬಾಸಿಡರ್ ಎರಡು ದಿನ ಕುಡಿಯೋ ಪೆಟ್ರೋಲಿನಲ್ಲಿ ಇದು ನಾಲ್ಕು ದಿನ ಓಡೋದು, ನನ್ನ ಸಂಬಳಕ್ಕೆ ಅದು ಬಹಳ ದೊಡ್ಡ ಮಾತು. ದೊಡ್ಡಪ್ಪ ಬಂದು ಸುತ್ತು ಹಾಕಿ ನೋಡಿದ್ರು. ತಗಡು ಒತ್ತಿ ನೋಡಿದ್ರು, ಒಳಗೆ ಹೋಯ್ತು. 'ಡಬ್ಬ' ಅಂದ್ರು. ಆಮೇಲೆ ನಾನು ಹಿಂದಿನ ಬಾಗಿಲು ತೆಗೆದು 'ಹತ್ತಿ ದೊಡ್ಡಪ್ಪ' ಅಂದೆ. ಅವರು ಚಪ್ಪಲಿ ಬಿಟ್ಟು ಹತ್ತಿದ್ರು. ಬೈದು ಚಪ್ಪಲಿ ಹಾಕ್ಕೊಳ್ಳೋ ಹಾಗೆ ಮಾಡಿದೆ.

ಮಾರನೇ ವರ್ಷ ನನ್ನ ಭಾಮೈದನ ಮದುವೆ. ಊರಿನ ಹೆಸರು ಬರೆಯಲ್ಲ, ನಮ್ಮೋರು ಅಲ್ಲಿ ಇನ್ನೂ ಬದುಕಬೇಕು. ರಾತ್ರಿ ಮೆರವಣಿಗೆಗೆ ನನ್ನದೇ ಕಾರು. ಸೇವಂತಿಗೆ ಹಾರ, ಬಾನೆಟ್ ಮೇಲೆ ಬಾಬಾಸಾಹೇಬರ ಫೋಟೋ. ಹೆಣ್ಣು ಗಂಡು ಹಿಂದೆ, ನಾನು ಓಡಿಸ್ತಾ ಇದೀನಿ. ಮುಂದೆ ತಮಟೆ. ಕೇರಿಯಿಂದ ಹೊರಟು ದೇವಸ್ಥಾನದ ಬೀದಿಗೆ ತಿರುಗೋ ಕಡೆ ಒಂದು ಎತ್ತಿನಗಾಡಿ ಅಡ್ಡ ನಿಲ್ಲಿಸಿದಾರೆ. ಹದಿನೈದು ಇಪ್ಪತ್ತು ಜನ. ದೊಡ್ಡ ಗಲಾಟೆ ಏನಿಲ್ಲ, ಬಹಳ ಸಮಾಧಾನವಾಗಿ ಒಬ್ಬ ಯಜಮಾನ ಕಿಟಕಿಗೆ ಬಗ್ಗಿ ಹೇಳ್ದ: 'ತಮಟೆ ಹೊಡ್ಕೊಂಡು ನಡ್ಕೊಂಡು ಹೋಗ್ರಲಾ, ಯಾರು ಬ್ಯಾಡ ಅಂದ್ರು? ಈ ಬೀದೀಲಿ ಕೂತ್ಕೊಂಡು ಹೋಗೋದು ಬ್ಯಾಡ.'

ಅವನು ಬಗ್ಗಿದ್ದ ಅನ್ನೋದನ್ನ ಗಮನಿಸಿ. ಮಾರುತಿ 800ರ ಸೀಟು ಎಷ್ಟು ಕೆಳಗೆ ಅಂತ ಓಡಿಸಿದವರಿಗೆ ಗೊತ್ತು. ಅದರಲ್ಲಿ ಕೂತ್ರೆ ಕಾಲು ಚಾಚಿ ಚಾಪೆ ಮೇಲೆ ಕೂತ ಹಾಗೆ. ನಿಂತಿರೋ ಮನುಷ್ಯನ ಸೊಂಟಕ್ಕೆ ನಮ್ಮ ತಲೆ ಬರುತ್ತೆ. ಅಷ್ಟು ಕೆಳಗೆ ಕೂತಿದ್ದೂ ಅವರಿಗೆ ಎತ್ತರ ಆಯ್ತು. ಕುದುರೆ ಮೇಲೆ ದಲಿತ ಮದುಮಗ ಕೂತ ಅಂತ ಉತ್ತರ ಭಾರತದಲ್ಲಿ ಹೊಡೆದ ಸುದ್ದಿ ಓದಿ, ಅದು ಅಲ್ಲಿನ ಕಥೆ ಅನ್ನೋ ಗೆಳೆಯರು ನಮ್ಮಲ್ಲಿದಾರೆ. ಕುದುರೆ ಬೇಡ ಮಾರಾಯ್ರೇ, ನೆಲಕ್ಕೆ ಒಂದು ಗೇಣು ಮೇಲಿದ್ದ ಕಾರು ನಮ್ಮದು.

ಹೆಣ್ಣು ಗಂಡು ಇಳಿದ್ರು. ನಾವು ನಡೀಲಿಲ್ಲ, ವಾಪಸ್ ತಿರುಗಿದ್ವಿ. ನಾನು ಕಾರು ರಿವರ್ಸ್ ತಗೊಂಡಿದ್ದು ಆ ಕಿರಿದಾದ ಬೀದಿಯಲ್ಲಿ, ಒಂದು ಕಡೆ ಹಾರ ಚಕ್ರಕ್ಕೆ ಸಿಕ್ಕಿ ಸುತ್ಕೊಳ್ತಾ ಇತ್ತು. ಹಿಂದೆ ನಿಂತಿದ್ದ ಹುಡುಗರು ನಗ್ತಾ 'ಬಾ, ಬಾ, ಇನ್ನೂ ಬಾ' ಅಂತ ದಾರಿ ತೋರಿಸ್ತಾ ಇದ್ರು.

ಬೆಳಿಗ್ಗೆ ದೂರು ಕೊಟ್ವಿ. ತಗೊಳ್ಳಲಿಲ್ಲ, 'ಸಾಹೇಬರು ಬರ್ತಾರೆ, ಶಾಂತಿಸಭೆ ಆಗಲಿ' ಅಂದ್ರು. ಸಾಯಂಕಾಲ ಉಪವಿಭಾಗದ ಸಾಹೇಬರ ಕಾರು ಬಂತು. ಬಿಳೀ ಅಂಬಾಸಿಡರ್. ಅದೇ ದೇವಸ್ಥಾನದ ಬೀದಿ. ಹಾರ್ನ್ ಹೊಡ್ಕೊಂಡು ಬಂತು, ಅಡ್ಡ ಇದ್ದ ಎತ್ತಿನಗಾಡಿ ಆಗಲೇ ಯಾರೋ ಎಳೆದು ಪಕ್ಕಕ್ಕೆ ಹಾಕಿದ್ರು. ಯಜಮಾನರ ಮನೆ ಮುಂದಿನ ಬೇವಿನ ಮರದ ನೆರಳಲ್ಲಿ ನಿಲ್ತು. ನಿಮ್ಮ ಮಾತು ಸರಿ ಸಾರ್, ಇಳಿದಾಗ ಊರೇ ಎದ್ದು ನಿಲ್ತು. ನಾವೂ ನಿಂತ್ವಿ. ನಾವು ಮೊದಲೇ ನಿಂತಿದ್ವಿ, ನಮಗೆ ಕೂರೋಕೆ ಹೇಳಿರಲಿಲ್ಲ.

ಸಾಹೇಬರು ಒಳಗೆ ಕಾಫಿ ಕುಡಿದು ಬಂದ್ರು. 'ಎರಡೂ ಕಡೆಯವರು ಅಣ್ಣತಮ್ಮಂದಿರ ಥರ ಇರಬೇಕು' ಅಂದ್ರು. ಒಂದು ಹಾಳೆಯಲ್ಲಿ ಸಹಿ ತಗೊಂಡ್ರು. ನಾನು ಸರ್ಕಾರಿ ನೌಕರ ಅನ್ನೋದನ್ನ ಎರಡು ಸಲ ನೆನಪು ಮಾಡಿದ್ರು, ಮೊದಲನೇ ಸಲ ಪ್ರೀತಿಯಿಂದ. ನಾನು ಸಹಿ ಹಾಕಿದೆ. ಹೌದು, ಹಾಕಿದೆ. ಇದನ್ನ ಬೇರೆಯವರು ಹೇಳೋ ಮೊದಲು ನಾನೇ ಹೇಳ್ತಿದೀನಿ.

ಆದ್ರೆ ಅವತ್ತು ನಾನು ನೋಡಿದ ಇನ್ನೊಂದು ಸಂಗತಿ ಇದೆ. ಆ ಅಂಬಾಸಿಡರ್ ಓಡಿಸ್ಕೊಂಡು ಬಂದ ಡ್ರೈವರ್ ನಮ್ಮೋನೇ. ಪಕ್ಕದ ತಾಲೂಕಿನ ಕೇರಿಯವನು, ದೊಡ್ಡಪ್ಪನಿಗೆ ಗೊತ್ತಿದ್ದವನು. ಹಿಂದಿನ ರಾತ್ರಿ ನನ್ನ ಕಾರು ನಿಲ್ಲಿಸಿದ ಅದೇ ತಿರುವಲ್ಲಿ ಆ ಮನುಷ್ಯ ಕಾರು ಓಡಿಸ್ಕೊಂಡು, ಹಾರ್ನ್ ಹೊಡ್ಕೊಂಡು, ಕೂತ್ಕೊಂಡೇ ಬಂದ. ಯಾರೂ ಅವನ ಜಾತಿ ಕೇಳಲಿಲ್ಲ. ಹಿಂದೆ ಟವೆಲ್ ಮೇಲೆ ಕೂತಿದ್ದವರ ಜಾತಿ ಇಡೀ ಕಾರಿಗೆ ಹರಡಿತ್ತು. ಸಭೆ ಮುಗಿಯೋ ತನಕ ಅವನು ಕಾರಿಗೆ ಒರಗಿ ನಿಂತಿದ್ದ, ನಮ್ಮ ಕಡೆ ನೋಡಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಾನು ಸಹಿ ಹಾಕಿದವನು, ಅವನ ಮೇಲೆ ಯಾವ ಮುಖದಿಂದ ಸಿಟ್ಟು ಮಾಡ್ಲಿ?

ಇದೇ ನೀವು ಹೇಳೋ ಗತ್ತು. ಎಂಜಿನ್ನಿಂದ ಬಂದಿದ್ದಲ್ಲ, ಆ ದುಂಡನೆ ಮೈಯಿಂದ ಬಂದಿದ್ದೂ ಅಲ್ಲ. ಅದೇ ಅಂಬಾಸಿಡರ್ ಹಳದಿ ಬಣ್ಣ ಬಳ್ಕೊಂಡು ಕೋಲ್ಕತ್ತಾದಲ್ಲಿ ಟ್ಯಾಕ್ಸಿ ಆಗಿ ನಿಂತಾಗ ಯಾರೂ ಎದ್ದು ನಿಲ್ಲಲಿಲ್ಲವಲ್ಲ. ದಶಕಗಟ್ಟಲೆ ಲೈಸೆನ್ಸ್ ಕೊಟ್ಟು, ಬೇರೆ ಕಾರು ಬರದ ಹಾಗೆ ಬೇಲಿ ಹಾಕಿ, ದುಡ್ಡಿದ್ದವನೂ ವರ್ಷಗಟ್ಟಲೆ ಕಾಯೋ ಹಾಗೆ ಮಾಡಿ, ಸರ್ಕಾರವೇ ದೊಡ್ಡ ಗಿರಾಕಿ ಆಗಿ ನಿಂತು ಉಳಿಸಿದ ಕಾರು ಅದು. ಮೇಲೆ ಕೆಂಪುದೀಪ ಬೇರೆ, ಅದನ್ನ ಕಿತ್ತಿದ್ದು 2017ರ ಮೇ 1ಕ್ಕೆ. ನಮಗೆ ಮೀಸಲಾತಿ ಕೊಟ್ಟಿದ್ದಕ್ಕೆ 'ಯೋಗ್ಯತೆ' ಪಾಠ ಹೇಳೋ ಜನ, ಬಿರ್ಲಾ ಕಾರಿಗೆ ಸಿಕ್ಕ ಈ ಮೀಸಲಾತಿ ಬಗ್ಗೆ ಬಾಯಿ ಬಿಟ್ಟಿದ್ದು ನಾನು ಕೇಳಿಲ್ಲ. ಬೇಲಿ ತೆಗೆದ ಮೇಲೆ ಅದು ಎಷ್ಟು ದಿನ ಓಡ್ತು ಅಂತ ನೋಡಿದೀವಲ್ಲ.

'ನಿಮ್ಮೋರೂ ಮಂತ್ರಿಗಳಾಗಿ ಸರ್ಕಾರಿ ಕಾರು ಹತ್ತಿದ್ರಲ್ಲ' ಅಂತ ಕೇಳ್ತೀರ. ಹತ್ತಿದ್ರು. ಬಿ. ಬಸವಲಿಂಗಪ್ಪನವರು ಹತ್ತಿದ್ರು. ತಲೆ ಮೇಲೆ ಮಲ ಹೊರೋದನ್ನ ನಿಷೇಧ ಮಾಡಿದ ಮಂತ್ರಿ. 1973ರ ನವೆಂಬರಲ್ಲಿ ಮೈಸೂರಲ್ಲಿ ಸಾಹಿತ್ಯದ ಬಗ್ಗೆ 'ಬೂಸಾ' ಅನ್ನೋ ಒಂದು ಪದ ಆಡಿದ್ದಕ್ಕೆ ಬೀದಿಬೀದಿಯಲ್ಲಿ ದಲಿತ ವಿದ್ಯಾರ್ಥಿಗಳಿಗೆ ಹೊಡೆದ್ರು, ಅವರು ಮಂತ್ರಿಗಿರಿ ಬಿಡಬೇಕಾಯ್ತು. ಕಾರು ಹತ್ತಿಸೋರು ಇಳಿಸೋದನ್ನೂ ತಿಳ್ಕೊಂಡೇ ಹತ್ತಿಸ್ತಾರೆ.

ಹಾಗಂತ ಮಾರುತಿಗೆ ಆರತಿ ಎತ್ತೋಕೆ ನಾನು ಬಂದಿಲ್ಲ. ಅದು ನಮಗಾಗಿ ಬಂದ ಕಾರಲ್ಲ. ಮೊದಲು ಬುಕ್ ಮಾಡಿದವರೆಲ್ಲ ಉಳ್ಳವರು, ನೌಕರಿಯಲ್ಲಿ ಗಟ್ಟಿಯಾಗಿ ಕೂತವರು. ನಮಗೆ ಸಿಕ್ಕಿದ್ದು ಅವರು ಓಡಿಸಿ, ಅವರ ಭಾಮೈದ ಓಡಿಸಿ, ಡ್ರೈವಿಂಗ್ ಸ್ಕೂಲಿನವನು ಓಡಿಸಿ ಬಿಟ್ಟ ಮೇಲೆ. ಸರ್ಕಾರದ ಕಂಪನಿಯಾಗಿ ಹುಟ್ಟಿದ್ದನ್ನ ಹಂತಹಂತವಾಗಿ ಸುಜುಕಿಗೆ ಕೊಟ್ಟು 2007ಕ್ಕೆ ಸರ್ಕಾರ ಪೂರ್ತಿ ಹೊರಬಂತು. ಖಾಸಗಿ ಆದಮೇಲೆ ಅಲ್ಲಿ ನಮ್ಮ ಮೀಸಲಾತಿ ಪ್ರಶ್ನೆ ಕೇಳೋಕೆ ಕಿಟಕಿಯೂ ಇಲ್ಲ. ಮತ್ತೆ 2012ರ ಜುಲೈ 18, ಮಾನೇಸರ್ ಕಾರ್ಖಾನೆ. 800 ತಯಾರಾಗ್ತಿದ್ದ ಗುರುಗ್ರಾಮದ್ದಲ್ಲ, ಅದೇ ಕಂಪನಿಯ ಇನ್ನೊಂದು. ಒಬ್ಬ ದಲಿತ ಕಾರ್ಮಿಕನನ್ನ ಮೇಲ್ವಿಚಾರಕ ಜಾತಿ ಹಿಡಿದು ಬೈದ, ತಿರುಗಿ ಕೇಳಿದ್ದಕ್ಕೆ ಕಾರ್ಮಿಕನನ್ನೇ ಸಸ್ಪೆಂಡ್ ಮಾಡಿದ್ರು ಅಂತ ಕಾರ್ಮಿಕ ಸಂಘ ಹೇಳ್ತು. ಕಾರ್ಮಿಕನೇ ಕೈ ಮಾಡಿದ ಅಂತ ಕಂಪನಿ ಹೇಳ್ತು. ಅವತ್ತು ಸಂಜೆ ಬೆಂಕಿ, ಹೊಡೆದಾಟ, ಒಬ್ಬ ಅಧಿಕಾರಿಯ ಜೀವ ಹೋಯ್ತು, ಅದು ಯಾರೂ ಸಮರ್ಥಿಸೋ ವಿಷಯ ಅಲ್ಲ. ವಿಚಾರಣೆಗೆ ನಿಂತ 148 ಕಾರ್ಮಿಕರಲ್ಲಿ 2017ರ ಮಾರ್ಚಲ್ಲಿ 117 ಜನ ನಿರ್ದೋಷಿ ಅಂತ ಹೊರಬಂದ್ರು. ಅವರಲ್ಲಿ ಬಹಳ ಜನ ವರ್ಷಗಟ್ಟಲೆ ಜೈಲಲ್ಲಿ ಕಳೆದಿದ್ರು. 13 ಜನಕ್ಕೆ ಜೀವಾವಧಿ ಆಯ್ತು. ಆ ಬೈಗುಳದ ಮಾತು ಎಲ್ಲಿ ಹೋಯ್ತು ಅಂತ ಈಗ ಯಾರೂ ಕೇಳಲ್ಲ. ಜಪಾನಿನ ಯಂತ್ರ ತಂದ್ರೂ ನಮ್ಮ ಮೇಸ್ತ್ರಿಯ ನಾಲಿಗೆ ಇಲ್ಲೀದೇ.

ಆದ್ರೂ ನನ್ನ ಓಟು ಮಾರುತಿಗೆ. ಕಾರಣ ಇಷ್ಟೇ, ಅದರ ಕೀ ನನ್ನ ಜೇಬಲ್ಲಿತ್ತು. ನಿಲ್ಲಿಸಿದ್ರು, ಹಿಂದೆ ತಿರುಗಿಸಿದ್ರು, ಆದ್ರೆ ನಿಲ್ಲಿಸಬೇಕಾದ್ರೆ ಅವರು ರಾತ್ರಿ ಎದ್ದು ಬಂದು ಗಾಡಿ ಅಡ್ಡ ಇಡಬೇಕಾಯ್ತು. ದೊಡ್ಡಪ್ಪನ ಕಾಲದಲ್ಲಿ ಅವರಿಗೆ ಅಷ್ಟು ಶ್ರಮವೂ ಇರಲಿಲ್ಲ. ಕಂಡಕಂಡವರು ಕಾರಲ್ಲಿ ಓಡಾಡಿದ್ದು ಅಂದ್ರೆ ಇದು ಸಾರ್. ನಿಮಗೆ ಕಾರಿನ ಮರ್ಯಾದೆ ಹೋಯ್ತು ಅನ್ನಿಸಿದ್ದು ಅದೇ ಜಾಗದಲ್ಲಿ. ಆ ಯಜಮಾನ ಕಿಟಕಿಗೆ ಬಗ್ಗಿ ಹೇಳಿದ್ದನ್ನೇ ನೀವು ಶುದ್ಧ ಕನ್ನಡದಲ್ಲಿ ಟೈಪ್ ಮಾಡಿದೀರ.

ಕಾನೂನಿನ ವಿಷಯ ಒಂದು ತಿಳ್ಕೊಂಡಿರಿ, ಬಹಳ ಜನಕ್ಕೆ ಗೊತ್ತಿಲ್ಲ. ದೌರ್ಜನ್ಯ ತಡೆ ಕಾಯ್ದೆ 1989ರದ್ದು. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಕಲಂ 3(1)(ಜೆಡ್‌ಎ) ಸೇರಿದೆ. ಅದರಲ್ಲಿ ಸೈಕಲ್, ಮೋಟಾರ್ ಸೈಕಲ್ ಓಡಿಸೋದು, ಚಪ್ಪಲಿ ಹಾಕೋದು, ಹೊಸ ಬಟ್ಟೆ ಉಡೋದು, ಮದುವೆ ಮೆರವಣಿಗೆ ಮಾಡೋದು, ಮೆರವಣಿಗೆಯಲ್ಲಿ ಕುದುರೆ ಅಥವಾ ಬೇರೆ ಯಾವುದೇ ವಾಹನ ಹತ್ತೋದು, ಇವಕ್ಕೆ ಅಡ್ಡಿ ಮಾಡಿದ್ರೆ ಅಪರಾಧ ಅಂತ ಹೆಸರು ಹಿಡಿದು ಬರೆದಿದಾರೆ. ಸಂವಿಧಾನ ಬಂದು 66 ವರ್ಷ ಆದಮೇಲೆ ಸಂಸತ್ತು ಕೂತು 'ಇವರು ವಾಹನ ಹತ್ತಬಹುದು' ಅಂತ ಬರೀಬೇಕಾಯ್ತು. 2007ರಲ್ಲಿ ನಮಗೆ ಇದು ಇರಲಿಲ್ಲ. ಹಳೇ ಕಲಮಿನಲ್ಲಿ ದಾರಿಯ ಹಕ್ಕಿನ ಮಾತಿತ್ತು, ಅದೂ ನನಗೆ ಆಗ ಗೊತ್ತಿರಲಿಲ್ಲ. ಬಿಎ ಓದಿದ್ದೆ ಅಷ್ಟೆ.

ನನ್ನ ಮಾರುತಿಯನ್ನ 2015ರಲ್ಲಿ ಗುಜರಿಗೆ ಹಾಕಿದೆ, ಒಂಬತ್ತು ಸಾವಿರ ಬಂತು. ದೊಡ್ಡಪ್ಪ ಈಗಿಲ್ಲ.

ಮುಂದಿನ ತಿಂಗಳು ಅದೇ ಊರಲ್ಲಿ ನನ್ನ ಭಾವನ ಮಗನ ಮದುವೆ. ಅದೇ ಬೀದಿ. ಈ ಸಲ ಠಾಣೆಗೆ ಮೊದಲೇ ಅರ್ಜಿ ಕೊಟ್ಟು, ಕಲಂ ಬರೆದು, ಸ್ವೀಕೃತಿ ತಗೊಂಡಿದೀವಿ. ಪ್ರತಿಯನ್ನ ಡಿವೈಎಸ್‌ಪಿ ಕಚೇರಿಗೂ ರಿಜಿಸ್ಟರ್ ಪೋಸ್ಟ್ ಮಾಡಿದೀನಿ. ಹುಡುಗ ಡಿಪ್ಲೊಮಾ ಮುಗಿಸಿ ಬೆಂಗಳೂರಲ್ಲಿ ಕೆಲಸದಲ್ಲಿದಾನೆ. ಮೆರವಣಿಗೆಗೆ ಯಾವ ಕಾರು ಬೇಕಪ್ಪ ಅಂತ ಕೇಳಿದೆ. ಮೊಬೈಲಲ್ಲಿ ಫೋಟೋ ತೋರಿಸಿದ. ಮೈಸೂರಲ್ಲಿ ಯಾರೋ ಹಳೇ ಅಂಬಾಸಿಡರ್‌ಗೆ ಹೊಸ ಬಣ್ಣ ಹೊಡೆದು ಮದುವೆಗೆ ಬಾಡಿಗೆಗೆ ಕೊಡ್ತಾರಂತೆ. 'ಬಿಳೀದು ಮಾಮ, ಫೋಟೋಗೆ ಚೆನ್ನಾಗಿರುತ್ತೆ' ಅಂದ. ನಾನು ಏನೂ ಮಾತಾಡಲಿಲ್ಲ, ಮುಂಗಡ ಕಟ್ಟಿ ಬಂದೆ. ಹಿಂದಿನ ಸೀಟಿಗೆ ಟವೆಲ್ ಬೇಡ ಅಂತ ಮಾತ್ರ ಹೇಳಿದೀನಿ.

ಕಾರು ಇರೋರು ಕಾರು ತನ್ನಿ, ಬೈಕ್ ಇರೋರು ಬೈಕ್ ತನ್ನಿ. ಬಸವಣ್ಣನ ಭಾಷಣ ಮಾಡಿದ ಸಾರ್, ನೀವೂ ಬನ್ನಿ, ಮುಂದಿನ ಸೀಟು ಖಾಲಿ ಇದೆ. ದಿನಾಂಕ, ಊರು ಇಲ್ಲಿ ಹಾಕಲ್ಲ, ಬರೋರು ಇನ್‌ಬಾಕ್ಸ್‌ಗೆ ಬಂದು ಕೇಳಿ.

ಜೈಭೀಮ್.